ಕಡಲಮುಳ್ಳುಹಂದಿಯ ಅಂಡವೂ ಸಂಶೋಧಕರ ಮೇಜೂ

ಜೀವಿಯ ಹುಟ್ಟು ಹೇಗಾಗುವುದೆಂಬ ಪ್ರಶ್ನೆ ಮನುಷ್ಯನ ವಿಚಾರದಷ್ಟೇ ಹಳೆಯದು. ಅದಕ್ಕೆ ಕಣ್ಣಾರೆ ಕಂಡ ಉತ್ತರ ದೊರೆತುದಾದರೋ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅದನ್ನು ಒದಗಿಸಿಕೊಟ್ಟ ಪ್ರಾಣಿಗಳಲ್ಲಿ ಮೊದಲ ಸ್ಥಾನ ಸಲ್ಲಬೇಕಾದುದು, ಕಡಲ ಬಂಡೆಗಳಿಗೆ ಅಂಟಿಕೊಂಡು ಪಾಚಿಯನ್ನು ಮೇಯುವ, ಮೈಯೆಲ್ಲ ಮುಳ್ಳಾಗಿರುವ ಒಂದು ದುಂಡುಪ್ರಾಣಿಗೆ. ಇಂಗ್ಲಿಷಿನವರು ಅದನ್ನು ‘ಸೀ ಅರ್ಚಿನ್’ ಎನ್ನುವರು. ಅರ್ಚಿನ್ ಎಂಬುದು ಹಿಂದೆ ಆ ಭಾಷೆಯಲ್ಲಿ ಮುಳ್ಳುಮೈಯ ಸಣ್ಣ ನೆಲಪ್ರಾಣಿಯೊಂದರ ಹೆಸರಾಗಿದ್ದಿತು. ಕನ್ನಡದಲ್ಲಿ ಕಡಲಮುಳ್ಳುಹಂದಿಯೆಂದು ಕರೆದರೆ ಭಾವ ಸರಿಹೋಗುವುದು.

ಈ ಪ್ರಾಣಿ ವಿದ್ವಾಂಸರ ಕಣ್ಣಿಗೆ ಬಿದ್ದುದು ಹೊಸದಾಗಿ ಅಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅರಿಸ್ಟಾಟಲನು ಇದರ ಐದು ಹಲ್ಲುಗಳ ಬಾಯಿಯನ್ನು ಲಾಂದ್ರಕ್ಕೆ ಹೋಲಿಸಿದನು. ಇಂದಿಗೂ ಆ ಅಂಗಕ್ಕೆ ‘ಅರಿಸ್ಟಾಟಲನ ಲಾಂದ್ರ’ವೆಂದೇ ಹೆಸರು. ಆದರೆ ಇದರ ನಿಜವಾದ ಉಪಕಾರ ಬಾಯಿಯಿಂದ ಆದುದಲ್ಲ, ಅಂಡದಿಂದ ಆದುದು. ಹೆಣ್ಣು ತನ್ನ ಅಂಡಗಳನ್ನು ಲಕ್ಷಗಟ್ಟಲೆಯಾಗಿ ನೀರಿಗೆ ಬಿಡುವುದು; ಗಂಡು ತನ್ನ ವೀರ್ಯಾಣುಗಳನ್ನು ಅದೇ ನೀರಿಗೆ ಬಿಡುವುದು. ಇತರ ಪ್ರಾಣಿಗಳಲ್ಲಿ ತಾಯ ಒಡಲೊಳಗೆ ಮರೆಯಾಗಿ ನಡೆಯುವ ವ್ಯಾಪಾರವು ಇಲ್ಲಿ ಒಂದು ಗಾಜಿನ ಬಟ್ಟಲಲ್ಲಿ, ಸೂಕ್ಷ್ಮದರ್ಶಕದ ಕೆಳಗೆ ನಡೆಯುವುದು. ಹಲವು ಜಾತಿಗಳ ಅಂಡವಂತೂ ತಿಳಿಯಾಗಿದ್ದು, ಒಳಗಣ ಬದಲಾವಣೆಗಳು ಹೊರಗೇ ಕಾಣುವುವು.

1875ರಲ್ಲಿ ಜರ್ಮನಿಯ ಆಸ್ಕರ್ ಹರ್ಟ್‌ವಿಗ್ ಮೆಡಿಟರೇನಿಯನ್ ತೀರದಲ್ಲಿ ಈ ಅಂಡವನ್ನು ಪರೀಕ್ಷಿಸಿದನು. ವೀರ್ಯಾಣು ಅಂಡವನ್ನು ಕೇವಲ ಪ್ರಚೋದಿಸುವುದೆಂದು ಅನೇಕರು ಅಲ್ಲಿಯವರೆಗೆ ಭಾವಿಸಿದ್ದರು. ಅಂಡದ ಕೋಶಕೇಂದ್ರವೂ ವೀರ್ಯಾಣುವಿನಿಂದ ಬಂದ ಕೋಶಕೇಂದ್ರವೂ ಕೂಡಿ ಒಂದಾಗುವುದನ್ನು ಹರ್ಟ್‌ವಿಗ್ ಕಂಡನು. 1876ರಲ್ಲಿ ಅದನ್ನು ಪ್ರಕಟಿಸಿದನು. ಸಂತಾನದಲ್ಲಿ ತಂದೆತಾಯಿಗಳಿಬ್ಬರ ಪಾಲೂ ಉಂಟೆಂಬ ಮಾತಿಗೆ ಇದರಿಂದ ಪ್ರತ್ಯಕ್ಷ ಪ್ರಮಾಣ ದೊರೆತಂತಾಯಿತು. ಸ್ವಲ್ಪ ಕಾಲದಲ್ಲಿಯೇ ಸ್ವಿಟ್ಸರ್ಲೆಂಡಿನ ಹರ್ಮನ್ ಫೋಲನು, ಇದರ ಬಂಧುವಾದ ನಕ್ಷತ್ರಮೀನಿನ ಅಂಡದೊಳಕ್ಕೆ ವೀರ್ಯಾಣು ಪ್ರವೇಶಿಸುವುದನ್ನೇ ಕಂಡನು.

ಇಂತಹ ಕಾರ್ಯಕ್ಕೆ ಬುದ್ಧಿಯೊಂದೇ ಸಾಲದು. ಕಡಲ ಪಕ್ಕದಲ್ಲಿ ಕುಳಿತುಕೊಳ್ಳಲು ಒಂದು ಸ್ಥಳವೂ ಬೇಕು. ಆ ಕೊರತೆಯನ್ನು ನೀಗಿದವನು ಆಂಟನ್ ಡೋರ್ನ್. ಅವನು 1872ರಲ್ಲಿ ಇಟಲಿಯ ನೇಪಲ್ಸ್ ನಗರದಲ್ಲಿ ಪ್ರಾಣಿಶಾಸ್ತ್ರದ ಸಂಶೋಧನ ಕೇಂದ್ರವೊಂದನ್ನು ಸ್ಥಾಪಿಸಿದನು. ಸರಕಾರಗಳೂ ವಿಶ್ವವಿದ್ಯಾಲಯಗಳೂ ಅಲ್ಲಿಯ ಮೇಜುಗಳನ್ನು ವಾರ್ಷಿಕ ಬಾಡಿಗೆಗೆ ಪಡೆಯುತ್ತಿದ್ದುವು. ಅವು ಕಳುಹಿಸಿದ ಸಂಶೋಧಕನಿಗೆ ಮೇಜು, ಕಡಲ ನೀರು, ಪ್ರಾಣಿಗಳು, ರಾಸಾಯನಿಕಗಳು, ಗ್ರಂಥಾಲಯ ಇವೆಲ್ಲವೂ ಸಿದ್ಧವಾಗಿರುತ್ತಿದ್ದುವು. ಭಾಷೆ ಬೇರೆ, ದೇಶ ಬೇರೆಯಾದವರು ಒಂದೇ ಸೂರಿನಡಿ ಒಂದೇ ಪ್ರಾಣಿಯನ್ನು ಕುರಿತು ವಾದಿಸುವಂತಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅಮೆರಿಕದ ಮಹಿಳೆಯರು ಸಂಘ ಕಟ್ಟಿ, ಹಣ ಕೂಡಿಸಿ, ಮಹಿಳಾ ಸಂಶೋಧಕರಿಗಾಗಿಯೇ ಅಲ್ಲಿ ಒಂದು ಮೇಜನ್ನು ಗೊತ್ತುಮಾಡಿಕೊಂಡರು. ಮೇಜಿನ ಬೆಲೆಯನ್ನು ಅವರು ಚೆನ್ನಾಗಿ ಅರಿತಿದ್ದರು.

ಹರ್ಟ್‌ವಿಗ್‌ನ ಬಳಿಕ ಎದ್ದ ಪ್ರಶ್ನೆ ಅಂಶ ಮತ್ತು ಪೂರ್ಣಗಳ ಸಂಬಂಧವನ್ನು ಕುರಿತದ್ದು. 1888ರಲ್ಲಿ ವಿಲ್‌ಹೆಲ್ಮ್ ರೂ ಕಪ್ಪೆಯ ಅಂಡ ಎರಡು ಕೋಶಗಳಾಗಿ ಒಡೆದಾಗ ಒಂದನ್ನು ಕಾದ ಸೂಜಿಯಿಂದ ಚುಚ್ಚಿ ಕೊಂದನು. ಉಳಿದುದರಿಂದ ಅರ್ಧ ಭ್ರೂಣ ಮಾತ್ರ ಬೆಳೆಯಿತು. ದೇಹದ ಭಾಗಗಳೆಲ್ಲ ಮೊದಲೇ ಹಂಚಿಹೋಗಿರುವುವೆಂದು ಅವನು ತೀರ್ಮಾನಿಸಿದನು. 1891ರಲ್ಲಿ ಟ್ರೀಸ್ಟ್ ನಗರದಲ್ಲಿ ಹ್ಯಾನ್ಸ್ ಡ್ರೀಶ್ ಇದೇ ಪ್ರಶ್ನೆಯನ್ನು ಕಡಲಮುಳ್ಳುಹಂದಿಗೆ ಒಡ್ಡಿದನು. ಎರಡು ಕೋಶಗಳ ಭ್ರೂಣಗಳನ್ನು ನೀರಿನಲ್ಲಿ ಜೋರಾಗಿ ಕುಲುಕಿ ಕೋಶಗಳನ್ನು ಬೇರ್ಪಡಿಸಿದಾಗ, ಒಂಟಿ ಕೋಶದಿಂದ ಬೆಳೆದುದು ಅರ್ಧ ಡಿಂಭವಲ್ಲ, ಗಾತ್ರದಲ್ಲಿ ಚಿಕ್ಕದಾದರೂ ಪೂರ್ಣವಾದ ಡಿಂಭ. ರೂ ಸತ್ತ ಕೋಶವನ್ನು ಅಲ್ಲಿಯೇ ಅಂಟಿದಂತೆ ಬಿಟ್ಟಿದ್ದನು. ಡ್ರೀಶ್ ಎರಡನ್ನೂ ಅಗಲಿಸಿದನು. ಈ ಭೇದ ಫಲವನ್ನೇ ಬದಲಿಸಿತು. ಈ ಫಲವನ್ನು ಯಂತ್ರದ ನಿಯಮಗಳಿಂದ ವಿವರಿಸಲಾಗದೆ ಡ್ರೀಶ್ ಮುಂದೆ ಜೀವಶಕ್ತಿವಾದದ ತತ್ತ್ವಜ್ಞಾನಿಯಾದನು.

ಯಂತ್ರದ ಪಕ್ಷಕ್ಕೆ ಬಲ ಬಂದುದೂ ಅದೇ ಅಂಡದಿಂದಲೇ. 1899ರಲ್ಲಿ ಜ್ಯಾಕ್ ಲೋಬ್ ಅಮೆರಿಕದ ವುಡ್ಸ್ ಹೋಲ್ ಕಡಲಜೀವಿ ಪ್ರಯೋಗಶಾಲೆಯಲ್ಲಿ, ವೀರ್ಯಾಣುವಿನ ಸೋಂಕಿಲ್ಲದ ಅಂಡಗಳನ್ನು ಮೆಗ್ನೀಸಿಯಂ ಲವಣದ ದ್ರಾವಣದಲ್ಲಿರಿಸಿ, ಮತ್ತೆ ಕಡಲ ನೀರಿಗೆ ಹಾಕಿ ಡಿಂಭಗಳನ್ನು ಬೆಳೆಸಿದನು. ನೇಪಲ್ಸಿನಲ್ಲಿ ಥಿಯೋಡೋರ್ ಬೊವೆರಿ ಎರಡು ವೀರ್ಯಾಣುಗಳು ಹೊಕ್ಕ ಅಂಡಗಳನ್ನು ಪರಿಶೀಲಿಸಿದನು. ಅಂತಹ ಅಂಡ ಸಾಮಾನ್ಯವಾಗಿ ಒಮ್ಮೆಗೇ ನಾಲ್ಕಾಗಿ ಒಡೆಯುವುದು. ವರ್ಣತಂತುಗಳು ನಾಲ್ಕು ಕೋಶಗಳಿಗೂ ಹೇಗೆಂದರೆ ಹಾಗೆ ಹಂಚಿಹೋಗುವುವು. ಬೇರ್ಪಡಿಸಿದ ನಾಲ್ಕು ಕೋಶಗಳೂ ನಾಲ್ಕು ಬಗೆಯಾಗಿ ಬೆಳೆದು, ಹೆಚ್ಚಿನವು ಕೆಟ್ಟುಹೋದುದನ್ನು ಕಂಡು, ಪ್ರತಿಯೊಂದು ವರ್ಣತಂತುವಿನ ಗುಣವೂ ಬೇರೆಬೇರೆಯೆಂದು ಅವನು 1902ರಲ್ಲಿ ಸಾರಿದನು. ಅರ್ಬುದರೋಗಕ್ಕೂ ವರ್ಣತಂತುಗಳ ಏರುಪೇರಿಗೂ ಸಂಬಂಧ ಕಲ್ಪಿಸಿದ ಅವನ 1914ರ ಗ್ರಂಥ ಈ ಪ್ರಯೋಗದ ಫಲ. ಈ ಕಾರ್ಯದಲ್ಲಿ ಸಹಭಾಗಿಯಾಗಿದ್ದ ಪತ್ನಿ ಮಾರ್ಸೆಲ್ಲಾ ಓಗ್ರೇಡಿ ಸ್ವತಃ ಜೀವವಿಜ್ಞಾನಿ. ಪತಿಯ ಮರಣಾನಂತರ ಆ ಗ್ರಂಥವನ್ನು ಇಂಗ್ಲಿಷಿಗೆ ತಂದವರೂ ಅವರೇ.

ಈ ಚರಿತ್ರೆಯಲ್ಲಿ ಹೆಚ್ಚು ವಿಚಾರಕ್ಕೆ ಎಡೆಗೊಡುವುದು ಅರ್ನೆಸ್ಟ್ ಎವರೆಟ್ ಜಸ್ಟ್‌ನ ಜೀವನ. ಅಮೆರಿಕದ ಚಾರ್ಲ್‌ಸ್ಟನ್ ನಗರದಲ್ಲಿ 1883ರಲ್ಲಿ ಹುಟ್ಟಿದ ಜಸ್ಟ್ ಕರಿಯ ಜನಾಂಗದವನು. 1909ರಿಂದ ಸುಮಾರು ಎರಡು ದಶಕಗಳ ಬೇಸಗೆಗಳನ್ನು ವುಡ್ಸ್ ಹೋಲ್‌ನಲ್ಲಿ ಕಳೆದು, ಕಡಲಮುಳ್ಳುಹಂದಿಯದೂ ಅದರ ಬಳಗದ ಚಪ್ಪಟೆ ಪ್ರಾಣಿಗಳದೂ ಅಂಡಗಳನ್ನು ನಿರ್ವಹಿಸುವುದರಲ್ಲಿ ಅಸಾಧಾರಣನೆನಿಸಿದನು. ವೀರ್ಯಾಣು ತಾಗಿದೊಡನೆ ಅಂಡದ ಮೇಲ್ಮೈಯಲ್ಲಿ ಒಂದು ಬದಲಾವಣೆ ಅಲೆಯಂತೆ ಹರಡಿ, ಎರಡನೆಯ ವೀರ್ಯಾಣುವಿಗೆ ದಾರಿ ಮುಚ್ಚುವುದೆಂಬುದನ್ನು 1919ರಲ್ಲಿ ವರ್ಣಿಸಿದನು. ಅಂಡದ ಹೊರಪದರ ಬರಿಯ ಹೊದಿಕೆಯಲ್ಲ, ಜೀವವ್ಯಾಪಾರದ ಸಕ್ರಿಯ ಭಾಗವೆಂಬುದು ಅವನ ಸಿದ್ಧಾಂತ. ಇಷ್ಟಾದರೂ ಬಿಳಿಯರ ದೊಡ್ಡ ಸಂಶೋಧನ ವಿಶ್ವವಿದ್ಯಾಲಯಗಳಲ್ಲಿ ಒಂದೂ ಅವನಿಗೆ ಪೀಠ ಕೊಡಲಿಲ್ಲ. ಕರಿಯರಿಗಾಗಿ ಸ್ಥಾಪಿತವಾದ ಹೋವರ್ಡ್ ವಿಶ್ವವಿದ್ಯಾಲಯದ ಪಾಠಭಾರದ ನಡುವೆಯೇ ಸಂಶೋಧನೆ ಸಾಗಬೇಕಾಯಿತು. 1929ರಲ್ಲಿ ನೇಪಲ್ಸಿಗೂ ಮರುವರ್ಷ ಬರ್ಲಿನ್ನಿಗೂ ಹೋದಾಗ ದೊರೆತ ಗೌರವ ಅವನನ್ನು ಯುರೋಪಿನತ್ತ ಸೆಳೆಯಿತು. ಜರ್ಮನಿ ನಾಜಿಗಳ ವಶವಾದ ಮೇಲೆ ಆ ಬಾಗಿಲೂ ಮುಚ್ಚಿತು. ಫ್ರಾನ್ಸಿನಲ್ಲಿದ್ದಾಗ 1940ರಲ್ಲಿ ಸೆರೆಶಿಬಿರವನ್ನೂ ಕಂಡು, ತಾಯ್ನಾಡಿಗೆ ಮರಳಿ, 1941ರಲ್ಲಿ ತೀರಿಕೊಂಡನು. 1996ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವನ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಜೀವಿತಕಾಲದಲ್ಲಿ ಅವನಿಗೆ ಬೇಕಾಗಿದ್ದುದು ಒಂದು ಸ್ಥಿರವಾದ ಮೇಜು ಮಾತ್ರ.

ಜಸ್ಟ್ ದುಡಿದ ಅದೇ ವುಡ್ಸ್ ಹೋಲ್‌ನಲ್ಲಿ 1982ರ ಬೇಸಗೆಯಲ್ಲಿ ಇಂಗ್ಲೆಂಡಿನ ಟಿಮ್ ಹಂಟ್ ಕಡಲಮುಳ್ಳುಹಂದಿಯ ಅಂಡಗಳಲ್ಲಿ ಒಂದು ವಿಚಿತ್ರ ಪ್ರೋಟೀನನ್ನು ಗುರುತಿಸಿದರು. ಅದು ಕ್ರಮವಾಗಿ ಕೂಡುತ್ತ ಹೋಗಿ, ಪ್ರತಿಯೊಂದು ಕೋಶವಿಭಜನೆಯ ಸಮಯದಲ್ಲಿಯೂ ಥಟ್ಟನೆ ಮಾಯವಾಗುತ್ತಿದ್ದಿತು. ‘ಸೈಕ್ಲಿನ್’ ಎಂದು ಹೆಸರಾದ ಆ ವಸ್ತು, ಕೋಶಗಳು ಯಾವಾಗ ಒಡೆಯಬೇಕೆಂಬುದನ್ನು ನಿಯಂತ್ರಿಸುವ ವ್ಯವಸ್ಥೆಯ ಅಂಗವೆಂದು ತಿಳಿದುಬಂದಿತು. 2001ರಲ್ಲಿ ಹಂಟ್, ಹಾರ್ಟ್‌ವೆಲ್, ನರ್ಸ್ ಮೂವರಿಗೂ ನೊಬೆಲ್ ಪಾರಿತೋಷಕ ಸಂದಿತು. 2006ರಲ್ಲಿ ಕ್ಯಾಲಿಫೋರ್ನಿಯ ತೀರದ ನೇರಳೆ ಜಾತಿಯ ವಂಶವಾಹಿಗಳ ಪೂರ್ಣಲಿಪಿ ಪ್ರಕಟವಾಯಿತು. ಅದರಲ್ಲಿ ಕಂಡ ವಂಶವಾಹಿಗಳು ಸುಮಾರು 23,000. ಮನುಷ್ಯನವೂ ಹೆಚ್ಚುಕಡಮೆ ಅಷ್ಟೇ. ನೊಣಕ್ಕಿಂತ ಈ ಮುಳ್ಳುಪ್ರಾಣಿಯೇ ಮನುಷ್ಯನಿಗೆ ಹತ್ತಿರದ ನಂಟ. ಆ ಕಾರ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಸಂಶೋಧಕರು ಕೈಗೂಡಿಸಿದ್ದರು. ಫಲಿತಾಂಶ ಎಲ್ಲರಿಗೂ ತೆರೆದಿಡಲ್ಪಟ್ಟಿತು.

ಈ ನೂರೈವತ್ತು ವರ್ಷಗಳ ಕಥೆಯನ್ನು ಒಟ್ಟಾಗಿ ನೋಡಿದಾಗ ಒಂದು ಅಂಶ ಸ್ಪಷ್ಟವಾಗುವುದು. ಅಂಡ ತನ್ನನ್ನು ಪ್ರಶ್ನಿಸಿದವರ ಬಣ್ಣವನ್ನಾಗಲಿ ಭಾಷೆಯನ್ನಾಗಲಿ ಕೇಳಲಿಲ್ಲ. ಸರಿಯಾಗಿ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿತು. ಭೇದವೆಣಿಸಿದುದು ಮನುಷ್ಯರು ಹಾಕಿದ ಮೇಜು. ಆ ಮೇಜು ಪರದೇಶದವರಿಗೂ ಪರಭಾಷೆಯವರಿಗೂ ತೆರೆದಿದ್ದಾಗ ವಿದ್ಯೆ ಬೆಳೆಯಿತು. ಅದು ಮುಚ್ಚಿದಾಗ ಆದ ನಷ್ಟವನ್ನು ಅಳೆಯುವುದು ಸಾಧ್ಯವಿಲ್ಲ. ಏಕೆಂದರೆ ಕೇಳದೆ ಉಳಿದ ಪ್ರಶ್ನೆಗಳ ಲೆಕ್ಕವನ್ನು ಯಾವ ಚರಿತ್ರೆಯೂ ಇಟ್ಟಿರುವುದಿಲ್ಲ.