ಕರಗಿದ ಲೋಹಕ್ಕೆ ಬಣ್ಣದ ಪುಡಿ ಹಾಕಿದರೆ ನೀಲಿ ವಿಗ್ರಹ ಬರುತ್ತದೆಯೇ?

ಮೂಸೆಯಲ್ಲಿ ಅಲ್ಯೂಮಿನಿಯಂ ಕರಗಿ ಪಾದರಸದ ಹಾಗೆ ಹೊಳೆಯುತ್ತಿರುತ್ತದೆ. ಯಾರದೋ ಕೈ ಬಂದು ಅದಕ್ಕೆ ಒಂದು ಚಮಚ ನೀಲಿ ಪುಡಿ ಸುರಿದು, ಸರಳಿನಿಂದ ಕಲಕಿ, ಅಚ್ಚಿಗೆ ಹೊಯ್ಯುತ್ತದೆ. ಅಚ್ಚು ತೆಗೆದರೆ ಒಳಗೆ ಮಿರಿಮಿರಿ ಮಿಂಚುವ ನೀಲಿ ವಿಗ್ರಹ! ‘ಮನೆಯಲ್ಲೇ ಮಾಡಿ ನೋಡಿ, ಬಣ್ಣ ಎಂದಿಗೂ ಹೋಗುವುದಿಲ್ಲ’ ಎಂಬ ಒಕ್ಕಣೆಯ ಇಂಥ ವಿಡಿಯೊಗಳು ಆಗಾಗ ಮೊಬೈಲ್‌ಗಳಲ್ಲಿ ಹರಿದಾಡುತ್ತವೆ. ಇದು ನಿಜವೇ?

ನಿಜವಲ್ಲ. ಹೀಗೆ ಪುಡಿ ಬೆರೆಸಿ ಲೋಹವನ್ನು ನೀಲಿ, ಹಸಿರು ಮಾಡಲು ಆಗುವುದಿಲ್ಲ. ಸುಳ್ಳು ಎಂದು ನಕ್ಕು ಬಿಟ್ಟುಬಿಡುವಂಥದ್ದೂ ಇದಲ್ಲ. ಮನೆಯಲ್ಲಿ ಯಾರಾದರೂ ಇದನ್ನು ಮಾಡಲು ಹೊರಟರೆ ಮೈ ಸುಟ್ಟುಕೊಳ್ಳುವ ಅಪಾಯವಿದೆ.

ಲೋಹಕ್ಕೆ ಬಣ್ಣ ಏಕೆ ಹಿಡಿಯುವುದಿಲ್ಲ?

ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತಾಮ್ರ 1085 ಡಿಗ್ರಿಯಲ್ಲಿ. ಬಟ್ಟೆಗೆ, ಪ್ಲಾಸ್ಟಿಕ್‌ಗೆ, ತಿಂಡಿಗೆ ಹಾಕುವ ಬಣ್ಣಗಳಲ್ಲಿ ಹೆಚ್ಚಿನವು ಇಂಗಾಲದ ಸಂಯುಕ್ತಗಳು. ಆ ಬಿಸಿಗೆ ಅವು ಕ್ಷಣದಲ್ಲಿ ಹೊತ್ತಿ ಹೊಗೆಯಾಗುತ್ತವೆ.

ಹಾಗಾದರೆ ಸುಡದಂಥ ಬಣ್ಣ ಹಾಕಿದರೆ? ಗಾಜಿಗೆ ಹಾಕುತ್ತಾರಲ್ಲ ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾಗಿದೆ, ಗೊಂದಲದ ಮೂಲವೂ ಇದೇ ಇರಬೇಕು. ಕರಗಿದ ಗಾಜಿಗೆ ಚೂರು ಕೋಬಾಲ್ಟ್ ಆಕ್ಸೈಡ್ ಹಾಕಿದರೆ ಅದು ಕರಗಿ ಬೆರೆತು, ಇಡೀ ಗಾಜು ಕಡು ನೀಲಿಯಾಗುತ್ತದೆ. ಬೆಳಕು ಗಾಜಿನ ಒಳಗೆ ಹಾದುಹೋಗುವಾಗ ಅಲ್ಲಿರುವ ಕೋಬಾಲ್ಟ್ ಕೆಲವು ಬಣ್ಣಗಳನ್ನು ಹೀರಿಕೊಂಡು ನೀಲಿಯನ್ನು ನಮ್ಮ ಕಣ್ಣಿಗೆ ಬಿಡುತ್ತದೆ. ಲೋಹದ ಕಥೆ ಬೇರೆ. ಅದರ ಒಳಗೆ ಅಂಕೆಯಿಲ್ಲದೆ ಓಡಾಡುವ ಎಲೆಕ್ಟ್ರಾನ್‌ಗಳಿರುತ್ತವೆ. ಮೇಲೆ ಬಿದ್ದ ಬೆಳಕನ್ನು ಅವು ಒಳಕ್ಕೆ ಬಿಡದೆ ಮೇಲ್ಮೈಯಿಂದಲೇ ಹಿಂದಕ್ಕೆ ಕಳಿಸುತ್ತವೆ. ಲೋಹದ ಹೊಳಪು ಬರುವುದೇ ಇದರಿಂದ. ಒಳಗೆ ಎಷ್ಟು ಪುಡಿ ಹುದುಗಿದ್ದರೂ ಬೆಳಕು ಅಲ್ಲಿಗೆ ತಲುಪದಿದ್ದ ಮೇಲೆ ಆ ಬಣ್ಣ ಕಾಣುವುದು ಹೇಗೆ?

ಅದೂ ಅಲ್ಲದೆ, ಇಂಥ ಆಕ್ಸೈಡ್ ಪುಡಿಗಳು ಕರಗಿದ ಅಲ್ಯೂಮಿನಿಯಂನಲ್ಲಿ ನೀರಿನಲ್ಲಿ ಸಕ್ಕರೆ ಕರಗಿದಂತೆ ಕರಗುವುದಿಲ್ಲ. ಹೆಚ್ಚಿನವು ಕಿಟ್ಟದ ಜೊತೆ ಮೇಲೆ ತೇಲುತ್ತವೆ. ಎರಕದವರು ಹೊಯ್ಯುವ ಮುನ್ನ ಕೆನೆ ತೆಗೆದಂತೆ ತೆಗೆದು ಎಸೆಯುವುದು ಇದನ್ನೇ.

ವಿಡಿಯೊದಲ್ಲಿ ಕಂಡದ್ದು ಏನು ಹಾಗಾದರೆ? ಪುಡಿ ಸುರಿಯುವ ದೃಶ್ಯಕ್ಕೂ ಅಚ್ಚು ತೆಗೆಯುವ ದೃಶ್ಯಕ್ಕೂ ನಡುವೆ ಕತ್ತರಿ ಬಿದ್ದಿದೆಯೇ ಎಂದು ಮೊದಲು ನೋಡಿ. ಆ ನಡುವೆ ವಿಗ್ರಹಕ್ಕೆ ಸ್ಪ್ರೇ ಪೇಂಟ್ ಹೊಡೆಯಬಹುದು. ಇಲ್ಲವೇ ಅದು ಲೋಹವೇ ಅಲ್ಲದಿರಬಹುದು. ಎಪಾಕ್ಸಿ ರೆಸಿನ್‌ಗೆ ಲೋಹದ ಪುಡಿ, ಬಣ್ಣ ಬೆರೆಸಿ ಅಚ್ಚಿಗೆ ಹೊಯ್ಯುವ ವಿಧಾನವೊಂದಿದೆ. ಅದಕ್ಕೆ ಬೆಂಕಿಯೇ ಬೇಡ, ಬೇಕಾದ ಬಣ್ಣ ಬರುತ್ತದೆ, ತಿಕ್ಕಿದರೆ ಲೋಹದ ಹಾಗೆಯೇ ಮಿನುಗುತ್ತದೆ.

ನಿಜವಾಗಿ ಬಣ್ಣ ಬರುವ ದಾರಿಗಳು

ಲೋಹಕ್ಕೆ ಲೋಹ ಬೆರೆಸಿದರೆ ಬಣ್ಣ ಬದಲಾಗುವುದುಂಟು. ತಾಮ್ರಕ್ಕೆ ಸತು ಸೇರಿದರೆ ಹಳದಿ ಹಿತ್ತಾಳೆ, ತವರ ಸೇರಿದರೆ ಕಂಚು. 18 ಕ್ಯಾರೆಟ್‌ನ ‘ರೋಸ್ ಗೋಲ್ಡ್’ನಲ್ಲಿ ಚಿನ್ನ 75 ಭಾಗ, ಉಳಿದ 25ರಲ್ಲಿ ಬಹುಪಾಲು ತಾಮ್ರ, ಆ ಕೆಂಪು ಛಾಯೆ ತಾಮ್ರದ್ದು. ಚಿನ್ನಕ್ಕೆ ಅಲ್ಯೂಮಿನಿಯಂ ಸುಮಾರು ಐದನೇ ಒಂದು ಭಾಗ ಸೇರಿದರೆ ನೇರಳೆ ಬಣ್ಣವೇ ಬರುತ್ತದೆ! ಆದರೆ ಅದು ಗಾಜಿನಂತೆ ಪೆಡಸು, ಬಡಿದರೆ ಚೂರಾಗುತ್ತದೆ, ತಂತಿ ಎಳೆಯಲು ಬರುವುದಿಲ್ಲ. ಹಾಗಾಗಿ ಬಳೆ, ಸರಗಳಿಗೆ ಅದು ಹೊಂದುವುದಿಲ್ಲ.

ಉಳಿದ ಬಣ್ಣಗಳೆಲ್ಲ ಬರುವುದು ಲೋಹ ಗಟ್ಟಿಯಾದ ಮೇಲೆ, ಅದರ ಚರ್ಮದ ಮೇಲೆ. ಇದಕ್ಕೆ ನಮ್ಮ ಬೀದರ್‌ಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಬಿದರಿ ಹೂಜಿಯ ಆ ಕಪ್ಪು, ಕರಗಿದ ಲೋಹಕ್ಕೆ ಬೆರೆಸಿದ್ದು ಎಂದು ಎಷ್ಟೋ ಮಂದಿ ತಿಳಿದಿದ್ದಾರೆ. ಎರಕ ಹೊಯ್ದಾಗ ಆ ಹೂಜಿಯ ಬಣ್ಣ ಮಂಕು ಬೂದು. ಅದರಲ್ಲಿ ಬಹುಪಾಲು ಸತು, ಸ್ವಲ್ಪ ತಾಮ್ರ. ಮರಳಿನ ಅಚ್ಚಿನಿಂದ ಹೊರಬಂದ ಮೇಲೆ ಉಜ್ಜಿ ನಯ ಮಾಡಿ, ಮೈಲುತುತ್ತದ ದ್ರಾವಣ ಹಚ್ಚುತ್ತಾರೆ. ಆಗ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಗೀಚಿದ ಗೆರೆ ಎದ್ದು ಕಾಣಲಿ ಎಂದಷ್ಟೇ ಇದು. ಚಾಣದಿಂದ ಹೂಬಳ್ಳಿ ಕೊರೆದು, ಆ ಸಂದುಗಳಿಗೆ ಬೆಳ್ಳಿಯ ತಂತಿ, ತಗಡು ಬಡಿದು ಕೂರಿಸಿ, ಮತ್ತೆ ಉಜ್ಜಿದಾಗ ಕಪ್ಪೆಲ್ಲ ಹೋಗಿ ಬೂದು ಮೈಯಲ್ಲಿ ಬೆಳ್ಳಿ ಇದೆಯೋ ಇಲ್ಲವೋ ಎಂಬಂತಾಗುತ್ತದೆ.

ಕೊನೆಗೆ ಬರುತ್ತದೆ ಬೀದರ್ ಕೋಟೆಯ ಮಣ್ಣು. ನವಸಾಗರದ ಜೊತೆ ಅದನ್ನು ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಬಳಿಯುತ್ತಾರೆ. ಮಣ್ಣಿನಲ್ಲಿ ನೈಟ್ರೇಟ್ ಲವಣಗಳಿವೆ. ಅವು, ನವಸಾಗರ ಎರಡೂ ಸೇರಿ ಸತು–ತಾಮ್ರದ ಮೇಲ್ಮೈಯ ಜೊತೆ ವರ್ತಿಸಿ ತೆಳುವಾದ ಕಡುಗಪ್ಪು ಪೊರೆ ಕಟ್ಟುತ್ತವೆ. ಬೆಳ್ಳಿಗೆ ಏನೂ ಆಗುವುದಿಲ್ಲ. ಆಮೇಲೆ ಎಣ್ಣೆ ಒರೆಸಿದರೆ ಆ ಹೊಳೆಯುವ ಕಪ್ಪು. ಮೂಸೆಯಲ್ಲಿ ಹಾಕಿದ ಆ ಸ್ವಲ್ಪ ತಾಮ್ರವೇ ಇಲ್ಲಿ ನಿರ್ಣಾಯಕ. ಹಾಗೆ ನೋಡಿದರೆ ‘ಎರಕಕ್ಕೇ ಬಣ್ಣ ಬೆರೆಸುತ್ತಾರೆ’ ಎನ್ನುವವರ ಮಾತಿನಲ್ಲಿ ಕೂದಲೆಳೆಯಷ್ಟು ಸತ್ಯವಿದೆ ಎನ್ನಬಹುದು! 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿ ಅವರು ಬೀದರ್‌ನ ಈ ಕಲೆಯವರೇ.

ಬಣ್ಣಬಣ್ಣದ ಅಲ್ಯೂಮಿನಿಯಂ ನೀರಿನ ಬಾಟಲಿ, ಮೊಬೈಲ್‌ಗಳ ಗುಟ್ಟು ಆನೋಡೈಸಿಂಗ್. ಗಂಧಕಾಮ್ಲದ ತೊಟ್ಟಿಯಲ್ಲಿ ಅಲ್ಯೂಮಿನಿಯಂ ಮುಳುಗಿಸಿ ವಿದ್ಯುತ್ ಹರಿಸಿದರೆ ಮೇಲೆ ಆಕ್ಸೈಡ್ ಪೊರೆ ಬೆಳೆಯುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ತೂತುಗಳು. ಆ ತೂತುಗಳು ಬಣ್ಣ ಹೀರಿಕೊಂಡ ಮೇಲೆ ಕುದಿನೀರಿನಲ್ಲಿಟ್ಟು ಬಾಯಿ ಮುಚ್ಚಿಸುತ್ತಾರೆ. ಟೈಟೇನಿಯಂಗೆ ಬಣ್ಣವೂ ಬೇಡ. ಆಕ್ಸೈಡ್ ಪೊರೆಯ ದಪ್ಪ ಬದಲಾದಂತೆ ಅದೇ ನೀಲಿ, ನೇರಳೆ, ಹಳದಿಯಾಗಿ ಕಾಣುತ್ತದೆ. ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಪೆಟ್ರೋಲ್ ಹನಿ ಕಾಮನಬಿಲ್ಲಾಗುವಂತೆ. ಕರಗಿದ ಸತುವಿಗೆ ಸ್ವಲ್ಪ ಟೈಟೇನಿಯಂ ಸೇರಿಸಿದರೂ ಗಾಳಿ ತಾಕಿದ ಮೇಲ್ಮೈಯಲ್ಲಿ ಇಂಥದ್ದೇ ಪೊರೆಯಿಂದ ಬಣ್ಣ ಮೂಡುತ್ತದೆ. ಆದರೆ ಅದೂ ಪೊರೆಯೇ, ಗೀಚಿದರೆ ಕೆಳಗೆ ಬೂದು ಸತು.

ಮನೆಯಲ್ಲಿ ಮಾಡಿದರೆ ಏನಾಗಬಹುದು?

ಮೊದಲ ಅಪಾಯ ತೇವ. ರಂಗೋಲಿ ಪುಡಿಯಾಗಲಿ, ಬಣ್ಣದ ಪುಡಿಯಾಗಲಿ, ಕೈಗೆ ಒಣಗಿದಂತೆ ಕಂಡರೂ ಗಾಳಿಯ ತೇವ ಹೀರಿರುತ್ತದೆ. ನೀರು ಆವಿಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಆ ಹಿಗ್ಗುವಿಕೆ ಕರಗಿದ ಲೋಹದ ಒಳಗೆ ನಡೆದರೆ ಲೋಹ ಸಿಡಿದು ಮುಖಕ್ಕೇ ಬರುತ್ತದೆ. ಒದ್ದೆ ಅಚ್ಚು, ಒದ್ದೆ ಚಮಚದಿಂದಲೂ ಹೀಗೆಯೇ ಆಗುತ್ತದೆ.

ಎರಡನೆಯದು ಹಲವರಿಗೆ ಗೊತ್ತಿಲ್ಲ. ನೆಲಕ್ಕೆ ಹಾಕುವ ರೆಡ್ ಆಕ್ಸೈಡ್ ಎಂದರೆ ಕಬ್ಬಿಣದ ಆಕ್ಸೈಡ್. ಅಲ್ಯೂಮಿನಿಯಂ ಜೊತೆ ಅದು ಸೇರಿ ಹೊತ್ತಿಕೊಂಡರೆ ನಡೆಯುವುದು ಥರ್ಮೈಟ್ ಕ್ರಿಯೆ, ಬಿಸಿ 2,000 ಡಿಗ್ರಿ ದಾಟುತ್ತದೆ. ರೈಲು ಹಳಿಗಳನ್ನು ಬೆಸೆಯಲು ಬಳಸುವುದು ಇದನ್ನೇ. ಕರಗಿದ ಅಲ್ಯೂಮಿನಿಯಂಗೆ ಈ ‘ಕೆಂಪು ಬಣ್ಣ’ ಹಾಕಿ ಎಂದು ಹೇಳುವ ಸಂದೇಶವನ್ನು ಯಾವ ಕಾರಣಕ್ಕೂ ಮುಂದಕ್ಕೆ ಕಳಿಸಬೇಡಿ.

ಹಿತ್ತಾಳೆ ಕರಗಿಸಿದರೆ ಸತು ಬಿಳಿ ಹೊಗೆಯಾಗಿ ಏಳುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ, ಮೈಕೈ ನೋವು ಬರಬಹುದು. ಒಂದೆರಡು ದಿನದಲ್ಲಿ ಇಳಿಯುತ್ತದೆ, ಆದರೆ ಕಾಸಿದವರಿಗೆ ಅದು ಸಾಮಾನ್ಯ ಜ್ವರ ಎನಿಸಿಬಿಡುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ಕಾಯಬೇಡಿ, ವೈದ್ಯರಲ್ಲಿ ಹೋಗಿ, ಲೋಹ ಕಾಸಿದ್ದನ್ನೂ ಹೇಳಿ.

ಸುಟ್ಟರೆ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಶಾಯಿ, ಬೆಣ್ಣೆ ಹಚ್ಚಬೇಡಿ. ಚರ್ಮಕ್ಕೆ ಅಂಟಿದ ಲೋಹವನ್ನು ಕಿತ್ತು ತೆಗೆಯಲು ಹೋಗದೆ 108ಕ್ಕೆ ಕರೆ ಮಾಡಿ.

ಅಂಗಡಿಯಲ್ಲಿ ‘ಎರಕದಲ್ಲೇ ಬಣ್ಣ ಹಾಕಿದ್ದು’ ಎಂದು ಹೇಳಿ ಹೆಚ್ಚು ಬೆಲೆ ಕೇಳಿದರೆ, ಮಾಲೀಕರನ್ನು ಕೇಳಿಯೇ ತಳಭಾಗದಲ್ಲಿ ಸೂಜಿಯಿಂದ ಸಣ್ಣ ಗೆರೆ ಎಳೆದು ನೋಡಿ. ಕೆಳಗೆ ಬಿಳಿ ಲೋಹ ಇಣುಕಿದರೆ ಬಣ್ಣ ಮೇಲಿನದು. ಉಗುರುಬಣ್ಣ ತೆಗೆಯುವ ದ್ರಾವಣ ಅದ್ದಿದ ಹತ್ತಿಗೆ ಬಣ್ಣ ಅಂಟಿದರೆ ಅದು ಪೇಂಟ್ ಇಲ್ಲವೇ ಮೆರುಗೆಣ್ಣೆ. ಅಲಂಕಾರಕ್ಕೆ ಕೊಳ್ಳುವುದಾದರೆ ಅದರಲ್ಲಿ ತಪ್ಪೇನಿಲ್ಲ, ಪೇಂಟ್‌ನ ಬೆಲೆ ಕೊಟ್ಟರೆ ಸಾಕು.