ಕರ್ನಲ್ ಹೊಸದು, ಕಂಪ್ಯೂಟರ್ ನಿಧಾನ: ಬೆಂಗಳೂರಲ್ಲಿ ಹುಟ್ಟಿದ ಒಂದು ಪ್ರಶ್ನೆಯ ಕಥೆ

ಕಂಪ್ಯೂಟರಿಗೆ ಅಪ್‌ಡೇಟ್ ಬಂತು, ಹಾಕಿದ್ರಿ, ರೀಸ್ಟಾರ್ಟ್ ಮಾಡಿದ್ರಿ. ಆಮೇಲೆ ನೋಡಿದ್ರೆ ಮೌಸ್ ತಡವರಿಸುತ್ತೆ, ಹಾಡು ಮಧ್ಯೆ ಮಧ್ಯೆ ಕಟ್ ಆಗುತ್ತೆ, ಬ್ರೌಸರ್ ತೆರೆಯೋದ್ರೊಳಗೆ ಒಂದು ಚಹಾ ಕುಡಿದು ಬರಬಹುದು. ರಿಪೇರಿಗೆ ಒಯ್ದರೆ ಸಾಮಾನ್ಯವಾಗಿ ಸಿಗೋ ಉತ್ತರ: "ಮಷಿನ್ ಹಳೇದಾಯ್ತು, ಹೊಸದು ತಗೊಳ್ಳಿ."

ಬೀದರ್ ಜಿಲ್ಲೆಯ ಗೋರ್ಟಾ (ಬಿ)ಯಂಥ ಊರಲ್ಲಿ ಕೂತು, ಬಸವಕಲ್ಯಾಣದಿಂದಲೋ ಹುಮನಾಬಾದಿನಿಂದಲೋ ತಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕ್ಕೊಂಡು ಓದೋರಿಗೆ ಈ ಉತ್ತರ ಬಹಳ ದುಬಾರಿ. ಎಷ್ಟೋ ಸಲ ಅದು ತಪ್ಪು ಉತ್ತರವೂ ಹೌದು. ಅದಕ್ಕೇ ಇವತ್ತು 2008ರ ಒಂದು ಕೇಸ್ ಬಿಚ್ಚಿ ನೋಡೋಣ. ಕರ್ನಲ್ ಬದಲಾದ ಕೂಡಲೇ ಕೆಲವರ ಕಂಪ್ಯೂಟರ್ ನಿಧಾನ ಆಯ್ತು. ಆದ್ರೆ ಮಷಿನ್ ಕೆಟ್ಟಿರಲಿಲ್ಲ, ಹಂಚಿಕೆಯ ಲೆಕ್ಕ ಬದಲಾಗಿತ್ತು. ಆ ಲೆಕ್ಕದ ಒಂದು ದೊಡ್ಡ ಭಾಗ ಬರೆದದ್ದು ಬೆಂಗಳೂರಿನಲ್ಲಿ.

ಪಾಳಿ ಹಚ್ಚುವವರು ಯಾರು?

ಮೊದಲು ಕರ್ನಲ್ ಅಂದ್ರೇನು ಅಂತ ಎರಡು ಮಾತು. ಆಪರೇಟಿಂಗ್ ಸಿಸ್ಟಮ್‌ನ ಒಳತಿರುಳು ಅದು. ಪ್ರೊಸೆಸರ್, ಮೆಮೊರಿ, ಡಿಸ್ಕ್ ಯಾರಿಗೆ ಎಷ್ಟು ಸಿಗಬೇಕು ಅಂತ ನಿರ್ಧಾರ ಮಾಡೋದು ಅದೇ. ಪ್ರೊಸೆಸರಿನ ಒಂದು ಕೋರ್ ಒಂದು ಗಳಿಗೆಗೆ ಒಂದೇ ಪ್ರೋಗ್ರಾಂ ಓಡಿಸುತ್ತೆ. ಹಾಡು, ಬ್ರೌಸರ್, ಡೌನ್‌ಲೋಡ್ ಎಲ್ಲಾ ಒಟ್ಟಿಗೆ ನಡೀತಿದೆ ಅಂತ ನಮಗೆ ಅನ್ಸೋದು, ಕೆಲವೇ ಮಿಲಿಸೆಕೆಂಡಿನ ಪಾಳಿಗಳಲ್ಲಿ ಕರ್ನಲ್ ಅವುಗಳನ್ನ ತಿರುಗಿಸ್ತಾ ಇರೋದ್ರಿಂದ. ಈ ಪಾಳಿ ಹಚ್ಚೋ ಭಾಗಕ್ಕೆ ಷೆಡ್ಯೂಲರ್ ಅಂತಾರೆ.

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಶುರು ಮಾಡಿದ್ರು. ಕೆಲವೇ ವರ್ಷಗಳಲ್ಲಿ ಅದು ದೊಡ್ಡ ಸರ್ವರ್‌ಗಳಿಗೆ ಏರಿತು. ಮನೆಯ ಕಂಪ್ಯೂಟರಿನಲ್ಲಿ ಮಾತ್ರ ಸ್ವಲ್ಪ ಲೋಡ್ ಬಿದ್ರೆ ಸ್ಕ್ರೀನ್ ತಡವರಿಸುತ್ತೆ ಅನ್ನೋ ದೂರು ಹೋಗಲೇ ಇಲ್ಲ. ಇದರ ಹಿಂದೆ ಬಿದ್ದವರಲ್ಲಿ ಒಬ್ಬರು ಕಾನ್ ಕೊಲಿವಾಸ್. ಆಸ್ಟ್ರೇಲಿಯಾದ ಈ ಮನುಷ್ಯ ಕಂಪ್ಯೂಟರ್ ಎಂಜಿನಿಯರ್ ಅಲ್ಲ. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಡೋ ಡಾಕ್ಟರ್. ಊಹೆ ಮಾಡಿ ಯಾರಿಗೋ ಹೆಚ್ಚು ಕೊಡೋ ಬದಲು ಎಲ್ಲರಿಗೂ ಸಮನಾಗಿ ಹಂಚಿದ್ರೆ ಡೆಸ್ಕ್‌ಟಾಪ್ ಸರಾಗ ಆಗುತ್ತೆ ಅಂತ ಅವರು ಕೋಡ್ ಬರೆದು ತೋರಿಸಿದ್ರು. ಅದೇ ದಾರಿಯಲ್ಲಿ ಹಂಗೆರಿಯ ಇಂಗೊ ಮೊಲ್ನಾರ್ 2007ರಲ್ಲಿ ಹೊಸ ಷೆಡ್ಯೂಲರ್ ಬರೆದರು. ಹೆಸರು ಸಿಎಫ್‌ಎಸ್, ಅಂದ್ರೆ 'ಪೂರ್ತಿ ನ್ಯಾಯದ' ಷೆಡ್ಯೂಲರ್. ಅದು ಅಕ್ಟೋಬರ್ 2007ರ 2.6.23 ಕರ್ನಲ್‌ನಲ್ಲಿ ಬಂತು. ಕೊಲಿವಾಸ್ ಅವರ ಕೋಡ್ ಒಳಗೆ ಸೇರಲಿಲ್ಲ, ಹೆಸರು ಮಾತ್ರ ಫೈಲಿನ ತಲೆಯಲ್ಲಿ ಕೃತಜ್ಞತೆಯ ಸಾಲಾಗಿ ಉಳೀತು.

ನ್ಯಾಯ ಸರಿ, ಯಾರ ಯಾರ ನಡುವೆ?

ಆ ಫೈಲಿನ ತಲೆಯಲ್ಲೇ ಇನ್ನೊಂದು ಸಾಲಿದೆ. ತಾರೀಖು 2007ರ ಜುಲೈ 1, ಕೆಲಸ 'ಗ್ರೂಪ್ ಷೆಡ್ಯೂಲಿಂಗ್', ಹೆಸರು ಶ್ರೀವತ್ಸ ವಡ್ಡಗಿರಿ. ಐಬಿಎಂ ಕಂಪನಿಯ ಬೆಂಗಳೂರು ಲ್ಯಾಬಿನ ಲಿನಕ್ಸ್ ಟೆಕ್ನಾಲಜಿ ಸೆಂಟರಿನಲ್ಲಿದ್ದ ಎಂಜಿನಿಯರ್ ಅವರು. 2001ರಿಂದಲೇ 'ಲಿನಕ್ಸ್ ಬೆಂಗಳೂರು' ಸಮ್ಮೇಳನ ನಡೀತಿದ್ದ ಊರು ಅದು. ಅಷ್ಟೊತ್ತಿಗೆ ಲಿನಕ್ಸ್ ಬಳಸೋದಷ್ಟೇ ಅಲ್ಲ, ಅದರ ತಿರುಳನ್ನೇ ತಿದ್ದೋ ಜನ ಅಲ್ಲಿ ಬೆಳೆದಿದ್ರು.

ಅವರ ಕೆಲಸದ ಹಿಂದಿನ ಪ್ರಶ್ನೆ ಸರಳ: ಸಮಪಾಲು ಸರಿ, ಆದರೆ ಯಾರ ಯಾರ ನಡುವೆ? ಒಂದು ಸರ್ವರ್ ಇದೆ ಅಂದ್ಕೊಳ್ಳಿ, ಇಬ್ಬರು ಬಳಸ್ತಾರೆ. ಒಬ್ಬರು ಒಂದು ಪ್ರೋಗ್ರಾಂ ಓಡಿಸ್ತಾರೆ, ಇನ್ನೊಬ್ಬರು ಒಂಬತ್ತು. ಪ್ರೋಗ್ರಾಂ ಲೆಕ್ಕದಲ್ಲಿ ಸಮ ಹಂಚಿದ್ರೆ ಮೊದಲನೆಯವರಿಗೆ 10%, ಎರಡನೆಯವರಿಗೆ 90%. ಇದೆಂಥ ನ್ಯಾಯ? ಮೊದಲು ಗುಂಪುಗಳ ನಡುವೆ ಹಂಚಬೇಕು, ಆಮೇಲೆ ಗುಂಪಿನ ಒಳಗೆ ಹಂಚಬೇಕು. ಇಬ್ಬರಿಗೂ 50–50.

ಈ ಕೋಡ್ 2008ರ ಜನವರಿ 24ರಂದು ಬಂದ 2.6.24 ಕರ್ನಲ್‌ನಲ್ಲಿ ಸೇರ್ತು. ಗುಂಪು ಕಟ್ಟೋಕೆ ಎರಡು ದಾರಿ ಕೊಟ್ಟಿದ್ರು. ಒಂದು, ಸಿಸ್ಟಮ್ ನೋಡ್ಕೊಳ್ಳೋರು ಕೈಯಾರೆ ಗುಂಪು ಮಾಡೋದು. ಇನ್ನೊಂದು, ಪ್ರತಿ ಯೂಸರ್ ತಾನಾಗೇ ಒಂದು ಗುಂಪಾಗೋದು. ಯಾರೂ ಏನೂ ಆಯ್ಕೆ ಮಾಡದಿದ್ರೆ ಎರಡನೇ ದಾರಿ ತಾನಾಗೇ ಆನ್ ಆಗ್ತಿತ್ತು. ಎಡವಟ್ಟು ಶುರುವಾಗಿದ್ದು ಇಲ್ಲೇ.

ಓಣಿಯ ನಳದ ಲೆಕ್ಕ

ಬೀದರ್ ಕಡೆಯ ಬೇಸಿಗೆ ನೆನಪಿಸ್ಕೊಳ್ಳಿ. ಓಣಿಗೊಂದು ನಳ, ಮುಂದೆ ಕೊಡಗಳ ಪಾಳಿ. ಹಳೇ ನಿಯಮದಲ್ಲಿ ಪಾಳಿ ಕೊಡಗಳ ಲೆಕ್ಕದಲ್ಲಿ. ಒಬ್ಬ ಪುಣ್ಯಾತ್ಮ ಹೇಳ್ತಾನೆ, "ನನಗೇನು ಅವಸರ ಇಲ್ಲ, ಎಲ್ಲರದೂ ಆಗಲಿ, ಆಮೇಲೆ ನಂದು." ಎಲ್ಲರಿಗೂ ಅನುಕೂಲ.

ಈಗ ನಿಯಮ ಬದಲಾಯ್ತು. ಪಾಳಿ ಮನೆಗಳ ಲೆಕ್ಕದಲ್ಲಿ. ಒಂದು ಮನೆಯಲ್ಲಿ ಒಂಬತ್ತು ಕೊಡ ಇವೆ. ಪುಣ್ಯಾತ್ಮನ ಮನೆಯಲ್ಲಿ ಅವನೊಬ್ಬನೇ. ಅವನು ಎಷ್ಟೇ "ನಂದು ಆಮೇಲೆ" ಅಂದ್ರೂ ಆ ಸೌಜನ್ಯಕ್ಕೆ ಬೆಲೆ ಇರೋದು ಅವನ ಮನೆಯೊಳಗೆ ಮಾತ್ರ. ಒಳಗೆ ಬಿಟ್ಟುಕೊಡೋಕೆ ಬೇರೆ ಯಾರೂ ಇಲ್ಲ. ಹಾಗಾಗಿ ಅರ್ಧ ನೀರು ಅವನಿಗೇ ಹೋಗುತ್ತೆ. ಒಂಬತ್ತು ಕೊಡದವರು ಉಳಿದರ್ಧಕ್ಕೆ ಕಾಯ್ತಾರೆ.

ಕಂಪ್ಯೂಟರಿನಲ್ಲೂ ಆಗಿದ್ದು ಇದೇ. ಲಿನಕ್ಸ್‌ನಲ್ಲಿ ಆ ಸೌಜನ್ಯಕ್ಕೆ 'ನೈಸ್' ಅಂತಲೇ ಹೆಸರು. ಮಾಮೂಲಿ ಪ್ರೋಗ್ರಾಂ ನೈಸ್ 0. ಎಲ್ಲರಿಗಿಂತ ಹಿಂದೆ ನಿಲ್ಲೋಕೆ ಒಪ್ಪಿದ ಪ್ರೋಗ್ರಾಂ ನೈಸ್ 19. ಸಿಎಫ್‌ಎಸ್ ಲೆಕ್ಕದಲ್ಲಿ ನೈಸ್ 0ಗೆ ತೂಕ 1024, ನೈಸ್ 19ಕ್ಕೆ ತೂಕ ಬರೀ 15. ಇಬ್ಬರೂ ಒಂದೇ ಪಾಳಿಯಲ್ಲಿದ್ರೆ ಹಿಂದೆ ನಿಂತವನಿಗೆ ಪ್ರೊಸೆಸರಿನ ಸುಮಾರು 1.5% ಸಿಗುತ್ತೆ, ಅಷ್ಟೆ.

ಆಗಿನ ಕಾಲದಲ್ಲಿ ಬೋಯಿಂಕ್ ಅನ್ನೋ ಪ್ರೋಗ್ರಾಂ ಜನಪ್ರಿಯ. ನಿಮ್ಮ ಕಂಪ್ಯೂಟರಿನ ಬಿಡುವಿನ ಹೊತ್ತನ್ನ ವಿಜ್ಞಾನದ ಲೆಕ್ಕಗಳಿಗೆ ದಾನ ಮಾಡೋದು ಅದರ ಕೆಲಸ. ಅದು ನೈಸ್ 19ರಲ್ಲಿ ಓಡುತ್ತೆ, ಹಲವು ಲಿನಕ್ಸ್‌ಗಳಲ್ಲಿ ಅದಕ್ಕೆ ಅಂತ ಬೇರೆಯೇ ಯೂಸರ್ ಹೆಸರು. ಹಳೇ ಕರ್ನಲ್‌ನಲ್ಲಿ ಅದು ಇದೆ ಅಂತಾನೇ ಗೊತ್ತಾಗ್ತಿರಲಿಲ್ಲ. ಹೊಸ ಕರ್ನಲ್‌ನಲ್ಲಿ ಅದೇ ಒಂದು ಪ್ರತ್ಯೇಕ 'ಮನೆ'. ನಿಮ್ಮ ಮನೆಗೆ 1024, ಅದಕ್ಕೂ 1024. 1.5% ಇದ್ದದ್ದು ಒಂದೇ ರಾತ್ರಿಗೆ 50% ಆಯ್ತು! ರೂಟ್ ಯೂಸರ್‌ಗಂತೂ ಎಲ್ಲರ ಎರಡರಷ್ಟು ತೂಕ, 2048. ಅಂದ್ರೆ ರೂಟ್ ಹೆಸರಲ್ಲಿ ಹಿನ್ನೆಲೆಯಲ್ಲಿ ನಡೆಯೋ ಭಾರಿ ಕೆಲಸ ನೈಸ್ 19ರಲ್ಲಿದ್ರೂ, ನಿಮ್ಮ ಕೆಲಸದ ಜೊತೆ ಪೈಪೋಟಿಗೆ ಬಿದ್ರೆ ಮೂರರಲ್ಲಿ ಎರಡು ಪಾಲು ಒಯ್ಯಬಹುದು.

ಸುಳಿವು ಸಿಕ್ಕಿದ್ದು ಹೇಗೆ?

ಗಮನಿಸಿ, ಯಾವ ಎರರ್ ಮೆಸೇಜೂ ಇಲ್ಲ. ಕೋಡ್ ಬರೆದ ಹಾಗೇ ನಡೀತಿದೆ. ಲೋಡ್ ಇಲ್ಲದಾಗ ಮಷಿನ್ ಚೆನ್ನಾಗೇ ಇರುತ್ತೆ. ಇಂಥದ್ದನ್ನ ಹಿಡಿಯೋದು ಕಷ್ಟ.

ಮೊದಲ ಪರೀಕ್ಷೆ ಯಾರು ಬೇಕಾದ್ರೂ ಮಾಡಬಹುದಾದದ್ದು: ಹಳೇ ಕರ್ನಲ್‌ನಿಂದ ಬೂಟ್ ಮಾಡಿ ನೋಡೋದು. ಅದೇ ಮಷಿನ್, ಅದೇ ಡಿಸ್ಕ್, ಅದೇ ಪ್ರೋಗ್ರಾಂಗಳು. ವೇಗ ವಾಪಸ್ ಬಂತು ಅಂದ್ರೆ ಹಾರ್ಡ್‌ವೇರ್ ಬಚಾವ್. ಎರಡನೇದು, 'ಟಾಪ್' ಅನ್ನೋ ಕಮಾಂಡ್. ಯಾವ ಪ್ರೋಗ್ರಾಂ ಎಷ್ಟು ತಿಂತಿದೆ ಅಂತ ಅದು ಸಾಲಾಗಿ ತೋರಿಸುತ್ತೆ. ಅಲ್ಲಿ ನೈಸ್ ಕಾಲಮಿನಲ್ಲಿ 19, ಪಕ್ಕದ ಸಿಪಿಯು ಕಾಲಮಿನಲ್ಲಿ 50! ಹಿಂದೆ ನಿಲ್ತೀನಿ ಅಂದವನು ಅರ್ಧ ನೀರು ಒಯ್ತಿದ್ದಾನೆ. ಮೂರನೇದು, ಗುಂಪಿನ ಆಯ್ಕೆ ಆಫ್ ಮಾಡಿ ಕರ್ನಲನ್ನ ಮತ್ತೆ ಕಟ್ಟಿ ನೋಡೋದು.

2008ರ ಜನವರಿ ಕೊನೆಗೇ ಕರ್ನಲ್ ಡೆವಲಪರ್‌ಗಳ ಮುಂದೆ ದೂರು ಬಂದಿತ್ತು: ಯೂಸರ್ ಗುಂಪಿನ ಆಯ್ಕೆ ಆನ್ ಇದ್ರೆ ಪ್ರೋಗ್ರಾಂಗಳು ಎಚ್ಚರ ಆಗೋದೇ ತಡ ಆಗ್ತಿದೆ ಅಂತ. ವಡ್ಡಗಿರಿ ಅವರೇ ಆ ಚರ್ಚೆಯಲ್ಲಿ ಕೂತು ಕಾರಣ ಹುಡುಕಿದ್ರು. ಆ ವರ್ಷ ಏಪ್ರಿಲ್‌ನಲ್ಲಿ ಬಂದ ಉಬುಂಟು 8.04ರ ಒಳಗಿದ್ದದ್ದೂ ಇದೇ 2.6.24 ಕರ್ನಲ್. ಹಾಗಾಗಿ ವಿಷಯ ಪರಿಣತರ ಕೋಣೆ ದಾಟಿ ಮನೆ ಕಂಪ್ಯೂಟರುಗಳವರೆಗೂ ಬಂತು. ಕೊನೆಗೆ ಯೂಸರ್‌ಗೊಂದು ಗುಂಪು ಅನ್ನೋ ಆಯ್ಕೆಯನ್ನೇ 2010ರ 2.6.34 ಕರ್ನಲ್‌ನಲ್ಲಿ ಕಿತ್ತು ಹಾಕಿದ್ರು. ಕಿತ್ತವರು ಧವಲ್ ಗಿಯಾನಿ, ಗ್ರೂಪ್ ಷೆಡ್ಯೂಲಿಂಗ್ ಕೆಲಸದಲ್ಲಿ ವಡ್ಡಗಿರಿ ಅವರ ಜೊತೆ ಕೈಜೋಡಿಸಿದ್ದವರು.

ಕಿತ್ತದ್ದು ಒಂದು ಕೊಂಬೆ, ಬೇರು ಉಳೀತು

ಹಾಗಾದ್ರೆ ಬೆಂಗಳೂರಿನ ಐಡಿಯಾ ಸೋತಿತಾ? ಇಲ್ಲ. ಕಿತ್ತದ್ದು ಗುಂಪು ಕಟ್ಟೋ ಒಂದು ವಿಧಾನ ಮಾತ್ರ. ಗುಂಪುಗಳ ನಡುವೆ ಹಂಚೋ ಯಂತ್ರ ಹಾಗೇ ಇತ್ತು.

2010ರ ನವೆಂಬರ್‌ನಲ್ಲಿ ಮೈಕ್ ಗಾಲ್‌ಬ್ರೇತ್ ಅನ್ನೋ ಡೆವಲಪರ್ ಅದೇ ಯಂತ್ರದ ಮೇಲೆ 200 ಚಿಲ್ಲರೆ ಸಾಲಿನ ಒಂದು ಪ್ಯಾಚ್ ಬರೆದರು. ಯೂಸರ್ ಬದಲು ಸೆಷನ್ ಲೆಕ್ಕದಲ್ಲಿ ಗುಂಪು. ಒಂದು ಟರ್ಮಿನಲ್‌ನಲ್ಲಿ ಅರವತ್ತು ಕೆಲಸ ಓಡಿಸಿದ್ರೂ ಅದೆಲ್ಲ ಸೇರಿ ಒಂದೇ ಮನೆ. ಬ್ರೌಸರ್ ಇನ್ನೊಂದು ಮನೆ. ಭಾರೀ ಲೋಡ್ ಇದ್ರೂ ವಿಡಿಯೋ ಸರಾಗ ಓಡ್ತು. ಸ್ವತಃ ಟೊರ್ವಾಲ್ಡ್ಸ್ ಮೆಚ್ಚಿದ್ರು. ಅದು 2011ರ ಮಾರ್ಚ್‌ನ 2.6.38ರಲ್ಲಿ ಸೇರ್ತು. 2008ರಲ್ಲಿ ಡೆಸ್ಕ್‌ಟಾಪ್ ನಿಧಾನ ಮಾಡಿದ್ದ ಅದೇ ಯಂತ್ರ ಮೂರು ವರ್ಷಕ್ಕೆ ಡೆಸ್ಕ್‌ಟಾಪನ್ನ ಚುರುಕು ಮಾಡ್ತು.

ಈಗ ನೀವು ಇದನ್ನ ಕೇಳ್ತಿರೋ ಫೋನಿಗೆ ಬರೋಣ. ಆಂಡ್ರಾಯ್ಡ್ ಒಳಗಿರೋದೂ ಲಿನಕ್ಸ್ ಕರ್ನಲ್ಲೇ. ಹಳೇ ಆಂಡ್ರಾಯ್ಡ್ ಫೋನುಗಳಲ್ಲಿ ಹಿಂದೆ ಓಡೋ ಆ್ಯಪ್‌ಗಳನ್ನ ಒಂದು ಗುಂಪಿಗೆ ಹಾಕಿ ಅದಕ್ಕೆ ತೂಕ 52 ಅಂತ ಕೊಡ್ತಿದ್ರು. ಮುಂದೆ ಕಾಣೋ ಆ್ಯಪ್‌ನ ಕಡೆ 1024. ಹಿಂದೆ ಹತ್ತು ಆ್ಯಪ್ ಜಗ್ಗಾಡಿದ್ರೂ ಅವಕ್ಕೆಲ್ಲ ಸೇರಿ ಸುಮಾರು 5%. ಅಗ್ಗದ ಫೋನೂ ಬಳಸೋ ಹಾಗಿತ್ತು ಅಂದ್ರೆ, ಅದರ ಹಿಂದೆ ಇಂಥ ಗುಂಪಿನ ಲೆಕ್ಕವೂ ಇತ್ತು. 2023ರ 6.6 ಕರ್ನಲ್‌ನಲ್ಲಿ ಸಿಎಫ್‌ಎಸ್‌ನ ಒಳಲೆಕ್ಕವೇ ಬದಲಾಗಿ ಹೊಸದು ಬಂತು. ಗುಂಪುಗಳ ನಡುವಿನ ಹಂಚಿಕೆ ಆಗಲೂ ಉಳೀತು.

ನಿಮ್ಮ ಮಷಿನ್ ನಿಧಾನ ಆದ್ರೆ

ಕರ್ನಲ್ ಅಪ್‌ಡೇಟ್ ಆದ ಮೇಲೆ ತೊಂದರೆ ಬಂದ್ರೆ 2008ರ ದಾರಿಯನ್ನೇ ಹಿಡೀರಿ. ಉಬುಂಟುವಿನಲ್ಲಿ ಬೂಟ್ ಮೆನುವಿನ 'ಅಡ್ವಾನ್ಸ್ಡ್ ಆಪ್ಷನ್ಸ್'ನಲ್ಲಿ ಹಿಂದಿನ ಕರ್ನಲ್ ಇನ್ನೂ ಇರುತ್ತೆ. ಅದರಿಂದ ಶುರು ಮಾಡಿ, ಅದೇ ಕೆಲಸ ಮಾಡಿ, ಹೋಲಿಸಿ. ಎರಡರಲ್ಲೂ ನಿಧಾನ ಇದ್ರೆ ಡಿಸ್ಕ್, ಮೆಮೊರಿ, ಬಿಸಿ ಕಡೆ ನೋಡಿ. ಹೊಸದರಲ್ಲಿ ಮಾತ್ರ ನಿಧಾನ ಇದ್ರೆ ಎರಡೂ ಕರ್ನಲ್‌ಗಳಲ್ಲಿ 'ಟಾಪ್' ತೆರೆದು ಯಾರ ಪಾಲು ಬದಲಾಗಿದೆ ನೋಡಿ. ಒಮ್ಮೊಮ್ಮೆ ವೇಗ ಬಿಟ್ಟುಕೊಟ್ಟಿರೋದು ಬೇಕಂತಲೇ ಇರುತ್ತೆ: 2018ರ ಜನವರಿಯಲ್ಲಿ ಪ್ರೊಸೆಸರುಗಳಲ್ಲಿ ಮೆಲ್ಟ್‌ಡೌನ್ ಅನ್ನೋ ದೋಷ ಬಯಲಾದಾಗ, ಭದ್ರತೆಗೋಸ್ಕರ ಹಾಕಿದ ಪ್ಯಾಚ್ ಕೆಲವು ಕೆಲಸಗಳನ್ನ ನಿಧಾನ ಮಾಡ್ತು. ಹಾಗಾಗಿ ಹಳೇ ಕರ್ನಲ್ ಪರೀಕ್ಷೆಗೆ ಇರಲಿ, ಅಲ್ಲೇ ಕಾಯಂ ಉಳೀಬೇಡಿ. ಎರಡರ ವರ್ಷನ್ ನಂಬರ್ ಬರೆದಿಟ್ಟು ದೂರು ಕಳಿಸಿ. 2008ರಲ್ಲಿ ಸರಿಪಡಿಸೋ ಕೆಲಸ ಶುರುವಾಗಿದ್ದು ಅಂಥ ದೂರುಗಳಿಂದಲೇ.

ಹೊಸ ಲ್ಯಾಪ್‌ಟಾಪಿಗೆ ದುಡ್ಡು ಎಣಿಸೋ ಮುಂಚೆ ಈ ಅರ್ಧ ಗಂಟೆ ಕೊಡಿ.