ಎರಡು ಕಪ್ಪುಗಳು, ಇಬ್ಬರು ಗೆಳೆಯರು



ಇಸವಿಗಳ ಪಟ್ಟಿಯೇ ಇತಿಹಾಸವಲ್ಲ, ಎರಡು ಇಸವಿಗಳ ನಡುವೆ ಏನು ನಡೆಯಿತೆಂಬುದೇ ಇತಿಹಾಸ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬೊಂದರ ಪ್ರಶಸ್ತಿಗಳ ಪಟ್ಟಿಯನ್ನು ಓದುವಾಗ ಆ ಮಾತು ನನಗೇ ಮತ್ತೊಮ್ಮೆ ಪಾಠವಾಯಿತು.

ಆ ಕ್ಲಬ್ಬು ನಾಟಿಂಗ್‌ಹ್ಯಾಮ್ ಫಾರೆಸ್ಟ್. 1865ರಲ್ಲಿ ಹುಟ್ಟಿದ ಅದು 1898 ಮತ್ತು 1959ರಲ್ಲಿ ಎಫ್.ಎ. ಕಪ್ ಗೆದ್ದಿತು. ಇಂಗ್ಲೆಂಡಿನ ಲೀಗ್ ಪ್ರಶಸ್ತಿ ಅದಕ್ಕೆ ದಕ್ಕಿದ್ದು ಒಂದೇ ಬಾರಿ, 1978ರಲ್ಲಿ. ಆದರೆ ನಾನಾ ದೇಶಗಳ ವಿಜೇತರು ಸೆಣಸುತ್ತಿದ್ದ ಯುರೋಪಿಯನ್ ಕಪ್ಪನ್ನು ಅದು 1979 ಮತ್ತು 1980ರಲ್ಲಿ, ಹೀಗೆ ಎರಡು ಬಾರಿ ಗೆದ್ದಿದೆ. ಸ್ವದೇಶದ ಲೀಗಿಗಿಂತ ಹೆಚ್ಚು ಬಾರಿ ಯುರೋಪನ್ನು ಗೆದ್ದ ಕ್ಲಬ್ಬು ಮತ್ತೊಂದಿಲ್ಲ.

ಈ ವಿಚಿತ್ರ ಲೆಕ್ಕದ ಹಿಂದೆ ಇಬ್ಬರು ಗೆಳೆಯರಿದ್ದಾರೆ. ಮಿಡಲ್ಸ್‌ಬರೋ ತಂಡದಲ್ಲಿ ಬ್ರಿಯಾನ್ ಕ್ಲಫ್ ಗೋಲು ಹೊಡೆಯುವವರು, ಪೀಟರ್ ಟೇಲರ್ ಗೋಲು ಕಾಯುವವರು. ಮುಂದೆ ಇಬ್ಬರೂ ತರಬೇತಿಯ ಕೆಲಸಕ್ಕಿಳಿದು 1972ರಲ್ಲಿ ಡರ್ಬಿ ಕೌಂಟಿಗೆ ಲೀಗ್ ಪ್ರಶಸ್ತಿ ತಂದುಕೊಟ್ಟರು. 1975ರ ಜನವರಿಯಲ್ಲಿ ಕ್ಲಫ್ ಒಬ್ಬರೇ ಫಾರೆಸ್ಟಿಗೆ ಬಂದರು. ಆಗ ತಂಡ ಎರಡನೆಯ ದರ್ಜೆಯಲ್ಲಿತ್ತು; ಒಂದೂವರೆ ವರ್ಷ ಕಳೆದರೂ ಅಲ್ಲಿಯೇ ಇತ್ತು. 1976ರಲ್ಲಿ ಟೇಲರ್ ಬಂದು ಸೇರಿದರು. 1977ರಲ್ಲಿ ತಂಡ ಮೊದಲ ದರ್ಜೆಗೇರಿತು. ಮರುವರ್ಷವೇ ಲೀಗ್ ಗೆದ್ದಿತು. 1977ರ ನವೆಂಬರಿನಿಂದ 1978ರ ಡಿಸೆಂಬರಿನವರೆಗೆ ಸತತ 42 ಲೀಗ್ ಪಂದ್ಯಗಳಲ್ಲಿ ಅದು ಸೋಲಲೇ ಇಲ್ಲ.

ಆಟಗಾರನನ್ನು ಗುರುತಿಸುವ ಕಣ್ಣು ಟೇಲರ್ ಅವರದು. ಅವನಿಂದ ಆಡಿಸುವ ಶಕ್ತಿ ಕ್ಲಫ್ ಅವರದು. ಒರಟನೆಂದು ಹೆಸರಾಗಿದ್ದ ಮುಂಪಡೆಯ ಆಟಗಾರ ಕೆನ್ನಿ ಬರ್ನ್ಸ್‌ರನ್ನು ಕರೆತಂದು ರಕ್ಷಣೆಗೆ ನಿಲ್ಲಿಸಿದರು. 1978ರಲ್ಲಿ ಪತ್ರಕರ್ತರು ಅವರನ್ನೇ ವರ್ಷದ ಆಟಗಾರನೆಂದು ಆರಿಸಿದರು. ಮೈಭಾರದ, ಯಾರ ಲೆಕ್ಕಕ್ಕೂ ಸಿಗದಿದ್ದ ಜಾನ್ ರಾಬರ್ಟ್‌ಸನ್‌ರನ್ನು ತಿದ್ದಿದರು. 1979ರಲ್ಲಿ ಮ್ಯೂನಿಕ್ಕಿನ ಫೈನಲಿನಲ್ಲಿ ಅವರು ಕಳುಹಿಸಿದ ಚೆಂಡನ್ನೇ ಟ್ರೆವರ್ ಫ್ರಾನ್ಸಿಸ್ ತಲೆಯಿಂದ ಗೋಲಿಗೆ ಸೇರಿಸಿ ಮಾಲ್ಮೋ ತಂಡವನ್ನು ಸೋಲಿಸಿದರು. ಮರುವರ್ಷ ಮ್ಯಾಡ್ರಿಡ್ಡಿನಲ್ಲಿ ಹ್ಯಾಂಬರ್ಗಿನ ವಿರುದ್ಧದ ಏಕೈಕ ಗೋಲು ಸ್ವತಃ ರಾಬರ್ಟ್‌ಸನ್ ಅವರದೇ. ಹಿಂದಿನ ಬೆಂಚಿನವನನ್ನು ಮುಂದೆ ತರುವುದೆಂದರೆ ಇದೇ ಅಲ್ಲವೇ?

1982ರಲ್ಲಿ ಟೇಲರ್ ಫಾರೆಸ್ಟ್ ಬಿಟ್ಟರು. ಆಮೇಲೆ ಡರ್ಬಿಯ ಹೊಣೆ ಹೊತ್ತು, 1983ರಲ್ಲಿ ಕ್ಲಫ್‌ಗೆ ತಿಳಿಸದೆಯೇ ರಾಬರ್ಟ್‌ಸನ್‌ರನ್ನು ಅಲ್ಲಿಗೆ ಕರೆದುಕೊಂಡರು. ಇಬ್ಬರೂ ಬೆಳೆಸಿದ ಹುಡುಗನೇ ಇಬ್ಬರ ನಡುವಿನ ಗೋಡೆಯಾದ. ಮಾತು ನಿಂತಿತು. 1990ರಲ್ಲಿ ಟೇಲರ್ ತೀರಿಕೊಂಡಾಗಲೂ ಆ ಮೌನ ಮುರಿದಿರಲಿಲ್ಲ. ಕ್ಲಫ್ 1989 ಮತ್ತು 1990ರಲ್ಲಿ ಲೀಗ್ ಕಪ್ ಗೆದ್ದರು ನಿಜ. ಆದರೆ ಲೀಗ್ ಪ್ರಶಸ್ತಿಯಾಗಲಿ ಯುರೋಪಿಯನ್ ಕಪ್ಪಾಗಲಿ ಮತ್ತೆ ಬರಲಿಲ್ಲ. 1993ರಲ್ಲಿ ಅವರು ನಿವೃತ್ತರಾದ ವರ್ಷವೇ ತಂಡ ಕೆಳಗಿನ ದರ್ಜೆಗಿಳಿಯಿತು. 1994ರಲ್ಲಿ ಹೊರಬಂದ ಆತ್ಮಕಥೆಯನ್ನು ಕ್ಲಫ್ ಅರ್ಪಿಸಿದ್ದು ಟೇಲರ್ ಅವರಿಗೆ. 2004ರಲ್ಲಿ ಅವರೂ ಹೋದರು. ಫಾರೆಸ್ಟಿನ ಮೈದಾನದಲ್ಲಿ ಟೇಲರ್ ಹೆಸರಿನ ಗ್ಯಾಲರಿಯಾದದ್ದು 2015ರಲ್ಲಿ.

ಇದನ್ನೆಲ್ಲ ಬರೆಯಲು ಕಾರಣವಿದೆ. ನನ್ನೊಡನೆ ಒಂದೇ ಸ್ಟಾಫ್‌ರೂಮಿನಲ್ಲಿ ಹನ್ನೆರಡು ವರ್ಷ ಕುಳಿತ ಗಣಿತದ ಮೇಷ್ಟ್ರೊಬ್ಬರಿದ್ದರು. ವಾರ್ಷಿಕೋತ್ಸವದ ನಾಟಕಗಳಿಗೆ ಹುಡುಗರನ್ನು ಆರಿಸುತ್ತಿದ್ದವರು ಅವರು, ಕಲಿಸುತ್ತಿದ್ದವನು ನಾನು. ಜಿಲ್ಲಾಮಟ್ಟದ ಬಹುಮಾನ ಬಂದ ದಿನ ಶಾಲು ಹೊದ್ದು ಮಾತನಾಡಿದ ನಾನು ಅವರ ಹೆಸರೆತ್ತಲಿಲ್ಲ. ಮರೆತೆನೆಂದು ಆಗ ನನಗೆ ನಾನೇ ಹೇಳಿಕೊಂಡೆ. ಅವರು ಮಾತು ಬಿಟ್ಟರು. ನಾನೂ ಬಿಗುಮಾನ ಬಿಡಲಿಲ್ಲ. ಅವರು ಈಗಿಲ್ಲ. ಆ ಬಹುಮಾನದ ಅರ್ಧ ಅವರದೆಂದು ಇಲ್ಲಿ, ನಿಮ್ಮೆದುರು, ತಡವಾಗಿಯಾದರೂ ದಾಖಲಿಸುತ್ತಿದ್ದೇನೆ.

ನಿಮಗೂ ಅಂಥ ಗೆಳೆಯರೊಬ್ಬರಿದ್ದರೆ, ಇಂದೇ ಹೋಗಿ ಮಾತನಾಡಿಸಿ.